ಹೊಟ್ಟೆಯ ಶಸ್ತ್ರಚಿಕಿತ್ಸೆ ಮತ್ತು ನಂಜು: ಅಪಾಯವನ್ನು ಮೊದಲೇ ಅಳೆಯುವ, ತೊಡಕನ್ನು ಬೇಗ ಹಿಡಿಯುವ ಬಗೆ

ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಒಳ್ಳೆಯ ಆಸ್ಪತ್ರೆಯಲ್ಲಿ ಕಡಿಮೆ, ಸಾಧಾರಣ ಆಸ್ಪತ್ರೆಯಲ್ಲಿ ಹೆಚ್ಚು ಎಂದು ನಾವು ಸಹಜವಾಗಿ ನಂಬಿರುತ್ತೇವೆ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ನಂಬಿಕೆಯನ್ನು ಅಲುಗಾಡಿಸಿತು. ಸಾವಿನ ಪ್ರಮಾಣ ಅತಿ ಕಡಿಮೆಯಿದ್ದ ಆಸ್ಪತ್ರೆಗಳಲ್ಲಿಯೂ ಅತಿ ಹೆಚ್ಚಿದ್ದ ಆಸ್ಪತ್ರೆಗಳಲ್ಲಿಯೂ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ತೊಡಕು ಉಂಟಾಗಿತ್ತು. ಆದರೆ ಗಂಭೀರ ತೊಡಕು ಉಂಟಾದವರ ಪೈಕಿ ಮೊದಲ ಗುಂಪಿನಲ್ಲಿ ತೀರಿಕೊಂಡವರು ಶೇ. 12.5, ಎರಡನೆಯ ಗುಂಪಿನಲ್ಲಿ ಶೇ. 21.4. ತೊಡಕು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಂದಿತ್ತು, ಅದನ್ನು ಯಾರು ಎಷ್ಟು ಹೊತ್ತಿಗೆ ಕಂಡುಕೊಂಡು ಏನು ಮಾಡಿದರು ಎಂಬುದರಲ್ಲಿಯೇ ವ್ಯತ್ಯಾಸವಿತ್ತೆಂದು ತೋರುತ್ತದೆ.

ಬೆಂಗಳೂರಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವವರ ಮತ್ತು ಅವರ ಮನೆಯವರ ಕೈಗೆ ಈ ಮಾರ್ಗದರ್ಶಿಯನ್ನು ಕೊಡುತ್ತಿರುವುದು ಆ ಕಾರಣಕ್ಕಾಗಿಯೇ. ಅಲ್ಲಲ್ಲಿ ಬರುವ ಕೆಲವು ಮಾತುಗಳು ಚಿಕ್ಕ ನರ್ಸಿಂಗ್ ಹೋಮುಗಳಲ್ಲಿ ಕೆಲಸ ಮಾಡುವ ಸಿಬ್ಬಂದಿಗೂ ಉಪಯೋಗಕ್ಕೆ ಬಂದಾವು. ಚಿಕಿತ್ಸೆಯ ತೀರ್ಮಾನವನ್ನು ರೋಗಿಯನ್ನು ಕಣ್ಣಾರೆ ಕಂಡ ವೈದ್ಯರೇ ಮಾಡಬೇಕು. ಅವರ ಮುಂದೆ ಏನನ್ನು ಕೇಳಬೇಕು, ಹಾಸಿಗೆಯ ಪಕ್ಕದಲ್ಲಿ ಕುಳಿತು ಏನನ್ನು ಗಮನಿಸಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಅಪಾಯದ ಅಂಕಿಯನ್ನು ಕೇಳಿ ಪಡೆಯುವುದು

"ಏನೂ ಆಗಲ್ಲ, ಧೈರ್ಯವಾಗಿರಿ" ಎಂಬ ಮಾತಿನಿಂದ ಮನಸ್ಸಿಗೆ ಸಮಾಧಾನವಾಗಬಹುದು, ಆದರೆ ಅದರಿಂದ ಯಾವ ಏರ್ಪಾಡೂ ಆಗುವುದಿಲ್ಲ. ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮೊದಲು ಶಸ್ತ್ರಚಿಕಿತ್ಸಕರನ್ನೂ ಅರಿವಳಿಕೆ ತಜ್ಞರನ್ನೂ ನೇರವಾಗಿ ಹೀಗೆ ಕೇಳಬಹುದು: "ಇವರಂಥ ನೂರು ಜನರಿಗೆ ಇದೇ ಆಪರೇಷನ್ ಮಾಡಿದರೆ ಒಂದು ತಿಂಗಳೊಳಗೆ ಎಷ್ಟು ಜನ ತೀರಿಕೊಳ್ಳಬಹುದು, ಎಷ್ಟು ಜನರಿಗೆ ದೊಡ್ಡ ತೊಡಕು ಬರಬಹುದು, ಡಾಕ್ಟರೇ?" ಕೇಳಲು ಸಂಕೋಚವೆನಿಸುವ ಪ್ರಶ್ನೆ ಇದು, ನಿಜ. ಆದರೂ ಕೇಳಿದವರ ಮೇಲೆ ಸಿಟ್ಟಾಗುವ ವೈದ್ಯರಿಗಿಂತ ಕುರ್ಚಿ ಎಳೆದುಕೊಂಡು ಕುಳಿತು ವಿವರಿಸುವ ವೈದ್ಯರೇ ಹೆಚ್ಚು.

ಈ ಅಂದಾಜನ್ನು ಮಾಡಲು ಅವರ ಬಳಿ ಹಲವು ಅಳತೆಗೋಲುಗಳಿವೆ. ಅರಿವಳಿಕೆ ತಜ್ಞರು ಬರೆಯುವ ಎಎಸ್‌ಎ ದರ್ಜೆಯು ಅತಿ ಸರಳವಾದದ್ದು: ಪೂರ್ತಿ ಆರೋಗ್ಯವಂತರಿಗೆ 1, ಹತೋಟಿಯಲ್ಲಿರುವ ಬಿಪಿ ಅಥವಾ ಸಕ್ಕರೆ ಕಾಯಿಲೆಯಿದ್ದವರಿಗೆ 2, ಜೀವಕ್ಕೆ ಸದಾ ಅಪಾಯವೊಡ್ಡುತ್ತಿರುವ ಕಾಯಿಲೆಯಿದ್ದವರಿಗೆ 4, ಹೀಗೆ ಏರುತ್ತ ಹೋಗುತ್ತದೆ, ತುರ್ತು ಶಸ್ತ್ರಚಿಕಿತ್ಸೆಯಾದರೆ ಅದರ ಮುಂದೆ 'ಇ' ಎಂಬ ಅಕ್ಷರ ಸೇರುತ್ತದೆ. ಪಿ-ಪಾಸಮ್ ಎಂಬ ಲೆಕ್ಕವು ಇದಕ್ಕಿಂತ ಸೂಕ್ಷ್ಮವಾದದ್ದು. ವಯಸ್ಸು, ನಾಡಿ, ರಕ್ತದೊತ್ತಡ, ಹಿಮೋಗ್ಲೋಬಿನ್, ಯೂರಿಯಾ, ಸೋಡಿಯಂ ಮುಂತಾದ 12 ದೈಹಿಕ ಸಂಗತಿಗಳನ್ನೂ, ಹೊಟ್ಟೆಯೊಳಗೆ ಕೀವು ಅಥವಾ ಮಲ ಚೆಲ್ಲಿದೆಯೇ, ರಕ್ತ ಎಷ್ಟು ಹೋಯಿತು, ಕ್ಯಾನ್ಸರ್ ಇದೆಯೇ ಎಂಬಂಥ 6 ಶಸ್ತ್ರಚಿಕಿತ್ಸಾ ಸಂಗತಿಗಳನ್ನೂ ಅದು ಒಟ್ಟಿಗೆ ತೂಗುತ್ತದೆ. ತುರ್ತು ಶಸ್ತ್ರಚಿಕಿತ್ಸೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ನೇಲಾ ಎಂಬ ರಾಷ್ಟ್ರೀಯ ಪರಿಶೀಲನೆಯಿಂದ ಬಂದ ಲೆಕ್ಕವೂ ಬಳಕೆಯಲ್ಲಿದೆ. ಅಲ್ಲಿನ ನಿಯಮವೊಂದು ನಮಗೂ ಬಹಳ ಉಪಯುಕ್ತವಾದದ್ದು: ಸಾವಿನ ಅಂದಾಜು ಶೇ. 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ರೋಗಿಯನ್ನು ಹೆಚ್ಚು ಅಪಾಯದವರೆಂದು ಪರಿಗಣಿಸಿ, ಹಿರಿಯ ಶಸ್ತ್ರಚಿಕಿತ್ಸಕರೂ ಹಿರಿಯ ಅರಿವಳಿಕೆ ತಜ್ಞರೂ ಸ್ವತಃ ಹಾಜರಿರಬೇಕು, ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ವಾರ್ಡಿನ ಬದಲು ತೀವ್ರ ನಿಗಾ ಘಟಕಕ್ಕೆ ಕಳುಹಿಸಬೇಕು.

ಲೆಕ್ಕ ಹಾಕುವ ಸಲಕರಣೆಗಳು ಮೊಬೈಲಿನಲ್ಲಿಯೇ ಸಿಗುವುದರಿಂದ ಮನೆಯವರೇ ಅಂಕಿಗಳನ್ನು ತುಂಬಿ ನೋಡುವುದುಂಟು. ಅಂಥವರು ನೆನಪಿಡಬೇಕಾದದ್ದೆಂದರೆ, ಈ ಲೆಕ್ಕಗಳನ್ನು ಕಟ್ಟಿರುವುದು ಬ್ರಿಟನ್ ಮತ್ತು ಅಮೆರಿಕದ ರೋಗಿಗಳ ದಾಖಲೆಗಳ ಮೇಲೆ. ವಿಷಮಶೀತ ಜ್ವರದಿಂದ ಸಣ್ಣ ಕರುಳು ತೂತಾದವರು, ಕರುಳಿನ ಕ್ಷಯವಿದ್ದವರು, ಮೂರು ದಿನ ಮನೆಮದ್ದು ಮಾಡಿ ನಾಲ್ಕನೆಯ ದಿನ ಬಂದವರು ಅಲ್ಲಿನ ದಾಖಲೆಗಳಲ್ಲಿ ವಿರಳ, ನಮ್ಮ ವಾರ್ಡುಗಳಲ್ಲಿ ಹಾಗಲ್ಲ. ಆದ್ದರಿಂದ 7.3 ಬಂತೋ 8.1 ಬಂತೋ ಎಂದು ತಲೆಕೆಡಿಸಿಕೊಳ್ಳದೆ, ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರರಲ್ಲಿ ರೋಗಿ ಎಲ್ಲಿದ್ದಾರೆ ಎಂಬುದನ್ನು ಮಾತ್ರ ತೆಗೆದುಕೊಳ್ಳುವುದು ಜಾಣತನ. ತುರ್ತು ಮತ್ತು ಯೋಜಿತ ಶಸ್ತ್ರಚಿಕಿತ್ಸೆಗಳ ನಡುವಿನ ಅಂತರವನ್ನಂತೂ ಮರೆಯಬಾರದು. ನೇಲಾ ದಾಖಲೆಗಳ ಪ್ರಕಾರ, ಎಲ್ಲ ಸೌಕರ್ಯವಿರುವ ಆ ದೇಶದಲ್ಲಿಯೂ ತುರ್ತಾಗಿ ಹೊಟ್ಟೆ ತೆರೆಸಿಕೊಂಡವರಲ್ಲಿ ನೂರಕ್ಕೆ ಒಂಬತ್ತು ಹತ್ತು ಜನ ಒಂದು ತಿಂಗಳೊಳಗೆ ತೀರಿಕೊಳ್ಳುತ್ತಾರೆ.

ಯಾವ ರಕ್ತಪರೀಕ್ಷೆಯೂ ಹಿಡಿಯದ ಒಂದು ಸಂಗತಿಯೆಂದರೆ ವೃದ್ಧರ ದೇಹಬಲ. ಕೆನಡಾದಲ್ಲಿ ರೂಪುಗೊಂಡ ದೌರ್ಬಲ್ಯದ ಮಾಪನವೊಂದು ಚೆನ್ನಾಗಿ ಓಡಾಡುವವರಿಗೆ 1ರಿಂದ ಆರಂಭಿಸಿ, ಜೀವನದ ಕೊನೆಯ ಹಂತದಲ್ಲಿರುವವರಿಗೆ 9ರವರೆಗೆ ಅಂಕ ಕೊಡುತ್ತದೆ. ಇದಕ್ಕೆ ಬೇಕಾದ ಮಾಹಿತಿ ಮನೆಯವರಲ್ಲಿ ಮಾತ್ರ ಇರುತ್ತದೆ. "ನಮ್ಮಜ್ಜಿ ಚೆನ್ನಾಗಿಯೇ ಇದ್ದಾರೆ" ಎನ್ನುವ ಬದಲು, ಎರಡು ವಾರದ ಹಿಂದೆ ಅವರು ತಾವೇ ಸ್ನಾನ ಮಾಡುತ್ತಿದ್ದರೇ, ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದರೇ, ಮಾತ್ರೆಗಳನ್ನು ತಾವೇ ನೆನಪಿಟ್ಟು ತೆಗೆದುಕೊಳ್ಳುತ್ತಿದ್ದರೇ, ಆರು ತಿಂಗಳಲ್ಲಿ ಎಷ್ಟು ತೂಕ ಇಳಿದಿದ್ದಾರೆ, ಎಷ್ಟು ಸಲ ಬಿದ್ದಿದ್ದಾರೆ ಎಂದು ಹೇಳಿ. ಕಾಯಿಲೆಗೆ ಮೊದಲಿನ ಸ್ಥಿತಿಯನ್ನು ಹೇಳಬೇಕೇ ಹೊರತು ಈಗ ಹಾಸಿಗೆ ಹಿಡಿದಿರುವ ಸ್ಥಿತಿಯನ್ನಲ್ಲ.

ಅಂಕಿ ಸಿಕ್ಕಿದ ಮೇಲೆ ಅದರಿಂದ ಏನಾದರೂ ಬದಲಾಗಬೇಕು, ಇಲ್ಲವಾದರೆ ಅದು ಬರಿಯ ಜಾತಕವಾದೀತು. ಯಾರು ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಮೊದಲ ರಾತ್ರಿ ರೋಗಿ ಎಲ್ಲಿ ಮಲಗುತ್ತಾರೆ, ಒಂದೇ ಸಲಕ್ಕೆ ಪೂರ್ತಿ ಶಸ್ತ್ರಚಿಕಿತ್ಸೆಯೋ ಅಥವಾ ಮೊದಲು ಕೀವು ಹೊರಹಾಕಿ ಕರುಳನ್ನು ತಾತ್ಕಾಲಿಕವಾಗಿ ಹೊಟ್ಟೆಯ ಮೇಲಕ್ಕೆ ತಂದಿಡುವ ಚಿಕ್ಕ ಕ್ರಮವೋ ಎಂಬ ಮೂರು ಪ್ರಶ್ನೆಗಳಿಗೆ ಆ ಅಂಕಿಯ ಬೆಳಕಿನಲ್ಲಿ ಉತ್ತರ ಕೇಳಿ. ಅಪಾಯ ಬಹಳ ಹೆಚ್ಚಿದ್ದು ವಯಸ್ಸೂ ದೌರ್ಬಲ್ಯವೂ ಕೂಡಿಕೊಂಡಿದ್ದರೆ, ಶಸ್ತ್ರಚಿಕಿತ್ಸೆ ಬೇಡವೆಂದು ನೋವು ನಿವಾರಣೆಗೆ ಗಮನ ಕೊಡುವುದೂ ಒಂದು ಗೌರವಯುತ ತೀರ್ಮಾನವೇ. ರೋಗಿಗೆ ಎಚ್ಚರವಿರುವಾಗಲೇ ಅವರ ಇಷ್ಟವನ್ನು ಕೇಳಿಕೊಳ್ಳಬೇಕು. ವೆಂಟಿಲೇಟರ್ ಹಾಕಿದ ಮೇಲೆ ಅಣ್ಣತಮ್ಮಂದಿರು ಐಸಿಯು ಬಾಗಿಲಲ್ಲಿ ನಿಂತು ಚರ್ಚಿಸುವಂತಾಗಬಾರದು.

ಯೋಜಿತ ಶಸ್ತ್ರಚಿಕಿತ್ಸೆಯಾದರೆ: ಮುಂಚಿನ ವಾರಗಳು

ಪಿತ್ತಕೋಶ, ಹರ್ನಿಯಾ, ದೊಡ್ಡ ಕರುಳಿನ ಕ್ಯಾನ್ಸರ್ ಇತ್ಯಾದಿಗಳಿಗೆ ದಿನಾಂಕ ಗೊತ್ತುಮಾಡಿದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಾದರೂ ಕೈಯಲ್ಲಿರುತ್ತವೆ. ಆ ಅವಧಿಯನ್ನು ಸುಮ್ಮನೆ ಕಾಯುತ್ತ ಕಳೆಯಬಾರದು. ಬೀಡಿ ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟರೆ ಶ್ವಾಸಕೋಶದ ತೊಡಕುಗಳೂ ಗಾಯದ ಸೋಂಕೂ ಕಡಿಮೆಯಾಗುತ್ತವೆ. ರಕ್ತಹೀನತೆ ಇದ್ದರೆ ಆಪರೇಷನ್ನಿನ ಹಿಂದಿನ ದಿನ ರಕ್ತ ಕೊಡಿಸುವುದಕ್ಕಿಂತ, ಕಬ್ಬಿಣದ ಕೊರತೆಯೇ ಕಾರಣವೇ ಎಂದು ಪರೀಕ್ಷಿಸಿ, ಸಮಯ ಕಡಿಮೆಯಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಿಸಿಕೊಳ್ಳಬಹುದೇ ಎಂದು ಕೇಳುವುದು ಒಳ್ಳೆಯದು. ನಮ್ಮ ಹೆಣ್ಣುಮಕ್ಕಳಲ್ಲಿ ಈ ಕೊರತೆ ಎಷ್ಟು ಸಾಮಾನ್ಯವೆಂದರೆ, ಹಿಮೋಗ್ಲೋಬಿನ್ 9 ಎಂದು ಬಂದರೂ "ಅವರಿಗೆ ಯಾವಾಗಲೂ ಅಷ್ಟೇ ಇರುತ್ತದೆ" ಎಂದು ಮುಂದಕ್ಕೆ ಹೋಗಿಬಿಡುತ್ತೇವೆ.

ಸಕ್ಕರೆ ಕಾಯಿಲೆಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ಅಗ್ಗವಾಗಿ ಸಿಗುತ್ತಿರುವುದರಿಂದ ಹೃದಯಕ್ಕೂ ಸಕ್ಕರೆಗೂ ಎಂದು ಬಹಳ ಜನ ಅವುಗಳನ್ನು ಸೇವಿಸುತ್ತಿದ್ದಾರೆ. ಉಪವಾಸ ಮತ್ತು ಶಸ್ತ್ರಚಿಕಿತ್ಸೆಯ ಒತ್ತಡ ಸೇರಿದಾಗ, ರಕ್ತದ ಸಕ್ಕರೆ ಹೆಚ್ಚು ಏರದೆಯೇ ದೇಹದಲ್ಲಿ ಆಮ್ಲ ತುಂಬಿಕೊಳ್ಳುವ ಅಪಾಯವು ಈ ಮಾತ್ರೆಗಳಿಂದ ಉಂಟಾಗುತ್ತದೆ. ಅದಕ್ಕಾಗಿ ಇವುಗಳನ್ನು ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲೇ ನಿಲ್ಲಿಸುವ ಪದ್ಧತಿಯಿದೆ. ಇವು ಬೇರೆ ಔಷಧದ ಜೊತೆ ಸೇರಿ ಒಂದೇ ಮಾತ್ರೆಯಾಗಿ ಬರುವುದರಿಂದ ಹೆಸರು ನೋಡಿದರೆ ತಿಳಿಯುವುದಿಲ್ಲ. ಆದಕಾರಣ ಮಾತ್ರೆಗಳ ಪಟ್ಟಿಯನ್ನು ಬಾಯಲ್ಲಿ ಹೇಳದೆ, ಶೀಟುಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಅರಿವಳಿಕೆ ತಜ್ಞರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು, ಅದರಲ್ಲೂ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಯಾರೋ ಹೇಳಿದರೆಂದು ತಾವಾಗಿ ನಿಲ್ಲಿಸಬಾರದು.

ನಡಿಗೆ, ಉಸಿರಾಟದ ಅಭ್ಯಾಸ, ಪ್ರೋಟೀನು ಈ ಮೂರನ್ನು ಕೂಡಿಸಿ ಮಾಡಿದರೆ ದೇಹವು ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತದೆ. ಲಾಲ್‌ಬಾಗಿಗೇ ಹೋಗಬೇಕೆಂದಿಲ್ಲ, ಬಡಾವಣೆಯ ಉದ್ಯಾನದಲ್ಲಿ ಮಾತಾಡುತ್ತ ನಡೆದರೂ ಏದುಸಿರು ಬರುವಷ್ಟು ವೇಗದಲ್ಲಿ ದಿನಕ್ಕೆ ಅರ್ಧ ಗಂಟೆ ನಡೆದರೆ ಸಾಕು. ಮೂರು ಚೆಂಡುಗಳ ಉಸಿರಾಟದ ಸಾಧನವನ್ನು ಶಸ್ತ್ರಚಿಕಿತ್ಸೆಯಾದ ಮೇಲೆ ಕೈಗೆ ಕೊಟ್ಟರೆ ನೋವಿನಲ್ಲಿ ಕಲಿಯುವುದು ಕಷ್ಟ, ಮೊದಲೇ ಕೊಂಡು ಅಭ್ಯಾಸ ಮಾಡಿಕೊಳ್ಳಿ. ಮೊಟ್ಟೆ, ಮೊಸರು, ಬೇಳೆ, ಮೊಳಕೆಕಾಳು, ಪನೀರ್, ಮೀನು ಇವುಗಳಲ್ಲಿ ಮನೆಯ ಪದ್ಧತಿಗೆ ಒಗ್ಗುವುದನ್ನು ಪ್ರತಿ ಊಟದಲ್ಲಿಯೂ ಸೇರಿಸಬೇಕು. ಗಂಜಿ ಹಗುರವೆಂದು ತಿಂಗಳುಗಟ್ಟಲೆ ಅದೊಂದನ್ನೇ ಕೊಟ್ಟರೆ ರೋಗಿಯ ಸ್ನಾಯು ಕರಗುತ್ತದೆ.

ಉಪವಾಸದ ವಿಷಯದಲ್ಲಿ ಹಳೆಯ ಕಟ್ಟುನಿಟ್ಟು ಈಗ ಸಡಿಲವಾಗಿದೆ. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಅವರು 1990ರ ದಶಕದಲ್ಲಿ ಆರಂಭಿಸಿದ ಶೀಘ್ರ ಚೇತರಿಕೆಯ ಕ್ರಮಗಳು ಹರಡಿದ ಮೇಲೆ, ಲಘು ಆಹಾರವನ್ನು ಆರು ಗಂಟೆ ಮೊದಲು ನಿಲ್ಲಿಸಿದರೂ ನೀರಿನಂಥ ತಿಳಿ ದ್ರವವನ್ನು ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು ಎಂಬುದು ಸಾಮಾನ್ಯ ನಿಯಮವಾಗಿದೆ. ಕರುಳಿನಲ್ಲಿ ಅಡಚಣೆ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ನಮ್ಮೂರಿನವರಿಗೆ ಹೇಳಲೇಬೇಕಾದ ಮಾತೊಂದಿದೆ: ಹಾಲು ಬೆರೆಸಿದ ಫಿಲ್ಟರ್ ಕಾಫಿ ಮತ್ತು ಮಜ್ಜಿಗೆ ಈ ಲೆಕ್ಕದಲ್ಲಿ ಆಹಾರವೇ, ತಿಳಿ ದ್ರವವಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದದ್ದಕ್ಕೆ ಶಸ್ತ್ರಚಿಕಿತ್ಸೆ ಮಧ್ಯಾಹ್ನಕ್ಕೆ ಹೋಗುವುದು ಅಪರೂಪವೇನಲ್ಲ.

ಹಿಂದಿನ ರಾತ್ರಿ ಮನೆಯಲ್ಲಿ ಬ್ಲೇಡಿನಿಂದ ಹೊಟ್ಟೆಯ ಕೂದಲು ಬೋಳಿಸಬೇಡಿ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಮನೆಮಾಡುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಿಂದ ಮಾತ್ರ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಶಸ್ತ್ರಚಿಕಿತ್ಸಾ ಕೊಠಡಿಯೊಳಗಿನ ಕೆಲಸ ಮನೆಯವರ ಕೈಯಲ್ಲಿಲ್ಲ. ಆದರೂ ಎರಡು ಅಗ್ಗದ ಕ್ರಮಗಳ ಬಗ್ಗೆ ನರ್ಸಿಂಗ್ ಹೋಮುಗಳವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು (ಚೆಕ್ ಲಿಸ್ಟ್) ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ ತುಂಬಬೇಕು, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕುಳಿತು ಟಿಕ್ ಹಾಕಿದರೆ ಪ್ರಯೋಜನವಿಲ್ಲ. ಎರಡನೆಯದು, ಹೊಟ್ಟೆಯನ್ನು ಹೊಲಿದು ಮುಚ್ಚುವ ಮುನ್ನ ಗ್ಲೌಸುಗಳನ್ನೂ ಉಪಕರಣಗಳನ್ನೂ ಬದಲಾಯಿಸುವುದು. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇಷ್ಟರಿಂದಲೇ ಗಾಯದ ಸೋಂಕು ಶೇ. 18.9ರಿಂದ 16ಕ್ಕೆ ಇಳಿಯಿತು.

ತುರ್ತು ಸ್ಥಿತಿಯಾದರೆ: ಗಂಟೆಗಳ ಲೆಕ್ಕ

ನೋವಿನ ಮಾತ್ರೆಗಳಿಂದಲೋ ಹುಣ್ಣಿನಿಂದಲೋ ಜಠರದ ಅಥವಾ ಅದರ ಮುಂದಿನ ಕರುಳಿನ ಗೋಡೆ ತೂತಾದರೆ ನೋವು ಒಮ್ಮೆಗೇ, ಚೂರಿ ಹಾಕಿದಂತೆ ಆರಂಭವಾಗಿ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಅದನ್ನು "ಗ್ಯಾಸ್ಟ್ರಿಕ್" ಎಂದುಕೊಂಡು ಔಷಧ ಅಂಗಡಿಯಿಂದ ಮಾತ್ರೆ ತಂದು ನುಂಗಿ ರಾತ್ರಿ ಕಳೆಯುವವರು ಇಂದಿಗೂ ಇದ್ದಾರೆ. ಡೆನ್ಮಾರ್ಕಿನ ದಾಖಲೆಗಳ ಪ್ರಕಾರ, ಹೀಗೆ ತೂತಾದವರು ಆಸ್ಪತ್ರೆಗೆ ಸೇರಿದ ಮೇಲೂ ಶಸ್ತ್ರಚಿಕಿತ್ಸೆ ತಡವಾದ ಪ್ರತಿ ಗಂಟೆಗೆ ಬದುಕುಳಿಯುವ ಸಾಧ್ಯತೆ ಶೇ. 2.4ರಷ್ಟು ಕುಗ್ಗುತ್ತದೆ. ಹಠಾತ್ತಾಗಿ ಬಂದು ಬಿಡದ ನೋವು, ಗಟ್ಟಿಯಾದ ಹೊಟ್ಟೆ, ಗಾಳಿಯೂ ಹೋಗದೆ ಹಸಿರು ವಾಂತಿ, ಒಳಕ್ಕೆ ಹೋಗದೆ ನೋಯುವ ಹರ್ನಿಯಾದ ಗಂಟು, ನೋವಿನ ಜೊತೆ ಚಳಿಜ್ವರ ಮತ್ತು ಕಾಮಾಲೆ, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ.

ಎಲ್ಲಿಗೆ ಹೋಗುವುದು ಎಂಬುದು ಬೆಂಗಳೂರಿನಲ್ಲಿ ದೂರಕ್ಕಿಂತ ಸಂಚಾರದ ಪ್ರಶ್ನೆ. ಸಂಜೆಯ ಹೊತ್ತಿನಲ್ಲಿ ಸಿಲ್ಕ್ ಬೋರ್ಡನ್ನೋ ಹೆಬ್ಬಾಳವನ್ನೋ ದಾಟಿ ಹೆಸರುವಾಸಿ ಆಸ್ಪತ್ರೆಗೆ ಹೋಗುವುದಕ್ಕಿಂತ, ರಾತ್ರಿಯಲ್ಲೂ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ಸಿಟಿ ಸ್ಕ್ಯಾನ್ ಮತ್ತು ಖಾಲಿ ಐಸಿಯು ಹಾಸಿಗೆ ನಾಲ್ಕೂ ಇರುವ ಹತ್ತಿರದ ಆಸ್ಪತ್ರೆ ಮೇಲು. ಹೊರಡುವ ಮೊದಲು ಫೋನಿನಲ್ಲಿ ಈ ನಾಲ್ಕನ್ನೂ ಕೇಳಿಕೊಳ್ಳಿ. ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆಯಿಂದ ನಗರದ ಆಸ್ಪತ್ರೆಗೆ ವರ್ಗಾಯಿಸುವಾಗ, ದಾರಿಯ ಸಮಯವೂ ಚಿಕಿತ್ಸೆಯ ಸಮಯವೇ ಎಂಬುದು ಕಳುಹಿಸುವವರ ಮನಸ್ಸಿನಲ್ಲಿರಬೇಕು: ಡ್ರಿಪ್ ಹಾಕಿ, ಸಾಧ್ಯವಾದರೆ ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ) ರಕ್ತ ತೆಗೆದು, ಮೊದಲ ಡೋಸ್ ಆಂಟಿಬಯಾಟಿಕ್ ಕೊಟ್ಟು, ಅದರ ಹೆಸರನ್ನೂ ವೇಳೆಯನ್ನೂ ಚೀಟಿಯಲ್ಲಿ ಬರೆದು ಕಳುಹಿಸಬೇಕು. ಸ್ಕ್ಯಾನಿನ ವರದಿಯ ಜೊತೆಗೆ ಫಿಲ್ಮನ್ನೂ ಸಿಡಿಯನ್ನೂ ಕೇಳಿ ಪಡೆದರೆ ಇನ್ನೊಂದು ಸ್ಕ್ಯಾನಿನ ಹೊತ್ತು ಉಳಿಯುತ್ತದೆ.

ಹಣದ ಚಿಂತೆಯಿಂದಾಗುವ ವಿಳಂಬವೂ ವಿಳಂಬವೇ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ. ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾದರೂ, ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಅದು ಕಡ್ಡಾಯವಲ್ಲ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕಾಣುವ ಕೆಲಸವನ್ನು ಮನೆಯ ಒಬ್ಬರಿಗೆ ವಹಿಸಿ, ಮತ್ತೊಬ್ಬರು ರೋಗಿಯ ಬಳಿಯೇ ಇರಲಿ.

ನಂಜು ಏರುವುದನ್ನು ಗುರುತಿಸುವುದು

ಸೋಂಕಿಗೆ ದೇಹ ತೋರಿಸುವ ಪ್ರತಿಕ್ರಿಯೆಯು ಹದ ತಪ್ಪಿ ಸ್ವಂತ ಅಂಗಾಂಗಗಳನ್ನೇ ಕೆಡಿಸತೊಡಗಿದರೆ ಅದು ಸೆಪ್ಸಿಸ್ ಅಥವಾ ನಂಜು. 2016ರಲ್ಲಿ ಪರಿಷ್ಕೃತವಾದ ವ್ಯಾಖ್ಯೆಯ ಪ್ರಕಾರ, ಉಸಿರಾಟ, ರಕ್ತದ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತದೊತ್ತಡ, ಮೆದುಳು, ಮೂತ್ರಪಿಂಡ ಈ ಆರನ್ನು ಅಳೆಯುವ ಸೋಫಾ ಎಂಬ ಅಂಕದಲ್ಲಿ ಎರಡು ಏರಿದರೆ ನಂಜು ಎಂದು ಪರಿಗಣಿಸಲಾಗುತ್ತದೆ, ಅಂಥವರಲ್ಲಿ ಸಾವಿನ ಪ್ರಮಾಣ ಶೇ. 10ಕ್ಕಿಂತ ಹೆಚ್ಚು. ಸಾಕಷ್ಟು ದ್ರವ ಕೊಟ್ಟ ಮೇಲೂ ರಕ್ತದೊತ್ತಡವನ್ನು ಔಷಧದಿಂದ ಎತ್ತಿ ಹಿಡಿಯಬೇಕಾಗಿ ಬಂದು, ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಎಂಬ ವಸ್ತು ಕೂಡ ರಕ್ತದಲ್ಲಿ ಲೀಟರಿಗೆ 2 ಮಿಲಿಮೋಲ್ ದಾಟಿದ್ದರೆ ಅದು ಸೆಪ್ಟಿಕ್ ಶಾಕ್. ಆಗ ಸಾವಿನ ಪ್ರಮಾಣ ಶೇ. 40ನ್ನೂ ಮೀರುತ್ತದೆ. ಜಗತ್ತಿನಲ್ಲಿ 2017ರ ಒಂದೇ ವರ್ಷದಲ್ಲಿ ಸುಮಾರು 4.9 ಕೋಟಿ ಜನರಿಗೆ ನಂಜು ತಗುಲಿ 1.1 ಕೋಟಿ ಜನ ತೀರಿಕೊಂಡರೆಂಬ ಅಂದಾಜಿದೆ.

ಹಾಸಿಗೆಯ ಪಕ್ಕದಲ್ಲಿ ಕುಳಿತವರು ಸೋಫಾ ಲೆಕ್ಕ ಹಾಕಬೇಕಾಗಿಲ್ಲ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ನಾಲ್ಕು ಗಂಟೆಗೊಮ್ಮೆ ಐದು ಸಂಗತಿಗಳನ್ನು ಬರೆಯುತ್ತ ಹೋದರೆ ಸಾಕು: ಉಸಿರು, ನಾಡಿ, ಬಿಪಿ, ಮೂತ್ರ, ಮನಸ್ಸಿನ ಸ್ಥಿತಿ. ಇವುಗಳಲ್ಲಿ ಉಸಿರಿನ ಎಣಿಕೆಯೇ ಅತಿ ಮುಖ್ಯವಾದದ್ದು, ಮತ್ತು ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾದದ್ದು. ವಾರ್ಡಿನ ಚಾರ್ಟುಗಳಲ್ಲಿ ಎಲ್ಲ ರೋಗಿಗಳಿಗೂ ಎಲ್ಲ ಹೊತ್ತಿನಲ್ಲೂ 18 ಅಥವಾ 20 ಎಂದೇ ಬರೆದಿದ್ದರೆ, ಅದು ಎಣಿಸಿ ಬರೆದದ್ದಲ್ಲ ಎಂದು ತಿಳಿಯಬಹುದು. ರೋಗಿಗೆ ಗೊತ್ತಾಗದಂತೆ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 22 ಅಥವಾ ಹೆಚ್ಚು ಉಸಿರು, ಮೇಲಿನ ರಕ್ತದೊತ್ತಡ 100 ಅಥವಾ ಕಡಿಮೆ, ಮಾತಿನಲ್ಲಿ ಗೊಂದಲ ಇಲ್ಲವೇ ಮಂಪರು, ಈ ಮೂರರಲ್ಲಿ ಎರಡು ಇದ್ದರೆ ತಕ್ಷಣ ವೈದ್ಯರು ನೋಡಬೇಕು. ಆದರೆ ಎರಡು ಇಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ; ಈ ಪರೀಕ್ಷೆಯೊಂದನ್ನೇ ನಂಬಬಾರದೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ವಾರ್ಡುಗಳಿಗೆ ನ್ಯೂಸ್-2 ಎಂಬ, ಉಸಿರು, ನಾಡಿ, ಬಿಪಿ ಮುಂತಾದವಕ್ಕೆ ಅಂಕ ಕೊಡುವ ಬ್ರಿಟನ್ನಿನ ಪಟ್ಟಿ ಇದಕ್ಕಿಂತ ಒಳ್ಳೆಯದು: ಒಟ್ಟು 5 ಬಂದರೆ ತುರ್ತಾಗಿ ನೋಡಬೇಕು, 7 ಬಂದರೆ ತೀವ್ರ ನಿಗಾ ತಂಡವನ್ನೇ ಕರೆಯಬೇಕು.

ಮೂತ್ರದ ಲೆಕ್ಕ ಸರಳ. ಕೆ.ಜಿ. ತೂಕಕ್ಕೆ ಗಂಟೆಗೆ ಅರ್ಧ ಮಿ.ಲೀ.ಗಿಂತ ಕಡಿಮೆಯಾಗಬಾರದು, ಅಂದರೆ 60 ಕೆ.ಜಿ.ಯವರಿಗೆ ಗಂಟೆಗೆ 30 ಮಿ.ಲೀ., ನಾಲ್ಕು ಗಂಟೆಗೆ 120 ಮಿ.ಲೀ. ಆದರೂ ಇರಬೇಕು. ಚೀಲದಲ್ಲಿ ಅಷ್ಟು ಸೇರಿಲ್ಲವಾದರೆ ಮೊದಲು ನಳಿಕೆ ಮಡಚಿಕೊಂಡಿದೆಯೇ ಎಂದು ನೋಡಿಸಿ, ಇಲ್ಲವೆಂದಾದರೆ ಡ್ಯೂಟಿ ಡಾಕ್ಟರಿಗೆ ತಿಳಿಸಿ.

ಜ್ವರವಿಲ್ಲ ಎಂಬುದು ಧೈರ್ಯಕ್ಕೆ ಕಾರಣವಾಗದು. ವಯಸ್ಸಾದವರಲ್ಲಿ ನಂಜು ಏರಿದಾಗ ಮೈ ತಣ್ಣಗಾಗುವುದೂ ಉಂಟು. ಮೆಟೋಪ್ರೊಲಾಲ್, ಅಟೆನೊಲಾಲ್‌ನಂಥ ಬಿಪಿ ಮಾತ್ರೆ ನುಂಗುವವರ ನಾಡಿ ಏರದೆ ಇರಬಹುದು. ಸ್ಟಿರಾಯ್ಡ್ ಸೇವಿಸುವವರಿಗೆ ಹೊಟ್ಟೆಯೊಳಗೆ ಕೀವಿದ್ದರೂ ನೋವು ಮಂದವಾಗಿರುತ್ತದೆ. ಮೊದಲ ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನದಿಂದ ಏಳನೆಯ ದಿನದೊಳಗೆ ರೋಗಿ ಹಿಂದಕ್ಕೆ ಸರಿದರೆ, ಅಂದರೆ ನಿನ್ನೆ ಎದ್ದು ಓಡಾಡಿದವರು ಇಂದು ಏಳಲೊಲ್ಲೆ ಎಂದರೆ, ಹಸಿವು ಮತ್ತೆ ಹೋದರೆ, ಹೊಟ್ಟೆ ಉಬ್ಬಿದರೆ, ಬಿಕ್ಕಳಿಕೆ ಬಿಡದಿದ್ದರೆ, ಹೊಟ್ಟೆಯೊಳಗಿನ ದ್ರವವನ್ನು ಹೊರಕ್ಕೆ ತರುವ ಕೊಳವೆಯಲ್ಲಿ (ಡ್ರೈನ್) ದ್ರವದ ಬಣ್ಣ ಬದಲಾದರೆ, ಕರುಳನ್ನು ಜೋಡಿಸಿದ ಜಾಗ ಸೋರುತ್ತಿರಬಹುದೆಂಬ ಅನುಮಾನ ಮೊದಲು ಬರಬೇಕು. ಇಂಥ ಸೋರಿಕೆ ಎಷ್ಟೋ ಸಲ ಹೃದಯದ ಬಡಿತ ತಪ್ಪಿದಂತೆ ಅಥವಾ ನ್ಯುಮೋನಿಯಾದಂತೆ ವೇಷ ಹಾಕಿಕೊಂಡು ಬರುವುದರಿಂದ, ಹೃದ್ರೋಗ ತಜ್ಞರ ದಾರಿ ಕಾಯುವುದರಲ್ಲಿ ಒಂದು ದಿನ ಕಳೆದುಹೋಗುತ್ತದೆ. ಸಿಆರ್‌ಪಿ ಎಂಬ, ದೇಹದೊಳಗಿನ ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆ ಇಲ್ಲಿ ನೆರವಾಗುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ಅದು ಲೀಟರಿಗೆ 150 ಮಿ.ಗ್ರಾಂ. ಮೀರಿದ್ದರೆ ಹುಡುಕಾಟ ಆರಂಭಿಸಬೇಕು, ಚೆನ್ನಾಗಿ ಇಳಿದಿದ್ದರೆ ಸೋರಿಕೆಯ ಸಾಧ್ಯತೆ ಕಡಿಮೆ. ವರದಿ ಓದುವಾಗ ಅಳತೆಯ ಯೂನಿಟ್ ಯಾವುದೆಂದು ನೋಡಿಕೊಳ್ಳಿ, ಡೆಸಿಲೀಟರಿಗೆ 15 ಮಿ.ಗ್ರಾಂ. ಎಂದಿದ್ದರೂ ಅದು ಅದೇ 150.

ತಿಳಿಸುವ ರೀತಿಯಲ್ಲಿಯೂ ಜಾಣ್ಮೆ ಬೇಕು. ಬೆಂಗಳೂರಿನ ವಾರ್ಡುಗಳಲ್ಲಿ ರಾತ್ರಿ ಪಾಳಿಯ ಸಿಸ್ಟರಿಗೆ ಕನ್ನಡ ಅಷ್ಟಾಗಿ ಬಾರದಿರಬಹುದು, ಡ್ಯೂಟಿ ಡಾಕ್ಟರ್ ಅಂದೇ ಆ ರೋಗಿಯನ್ನು ಮೊದಲ ಸಲ ನೋಡುತ್ತಿರಬಹುದು. "ಯಾಕೋ ಸರಿ ಇಲ್ಲ, ಸ್ವಲ್ಪ ನೋಡಿ" ಎಂದರೆ ನೋವಿನ ಇಂಜೆಕ್ಷನ್ ಸಿಗುತ್ತದೆ. "ಸಿಸ್ಟರ್, ಬೆಳಿಗ್ಗೆ ಉಸಿರು 16 ಇತ್ತು, ಈಗ 26 ಆಗಿದೆ, ನಾಲ್ಕು ಗಂಟೆಯಲ್ಲಿ ಮೂತ್ರ 60 ಮಾತ್ರ, ಅಪ್ಪ ನನ್ನ ಹೆಸರು ತಪ್ಪಾಗಿ ಹೇಳುತ್ತಿದ್ದಾರೆ, ನಂಜು ಇರಬಹುದೇ?" ಎಂದರೆ ಡಾಕ್ಟರ್ ಬರುತ್ತಾರೆ. ಅಂಕಿಗೆ ಭಾಷೆಯ ಹಂಗಿಲ್ಲ. ಅರ್ಧ ಗಂಟೆಯಲ್ಲಿ ಯಾರೂ ಬರದಿದ್ದರೆ ಶಸ್ತ್ರಚಿಕಿತ್ಸಕರಿಗೇ ನೇರವಾಗಿ ಕರೆ ಹೋಗಬೇಕು. ಆ ಸಂಖ್ಯೆಯನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಅಟೆಂಡರುಗಳು ಪಾಳಿ ಬದಲಿಸುವಾಗ ನೋಟ್‌ಬುಕ್ಕೂ ಕೈ ಬದಲಿಸಬೇಕು.

ನಂಜು ಎಂದು ಗೊತ್ತಾದ ಮೇಲೆ

ಇಲ್ಲಿಂದ ಮುಂದೆ ಏನೇನು ಆಗಬೇಕು ಎಂಬುದು ತಿಳಿದಿದ್ದರೆ, ಆಗುತ್ತಿದೆಯೇ ಎಂದು ಕೇಳಬಹುದು. ಶಾಕ್ ಇದ್ದರೆ, ಅಥವಾ ನಂಜು ಖಚಿತವೆನಿಸಿದರೆ, ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಶಾಕ್ ಇಲ್ಲದೆ ಅನುಮಾನ ಮಾತ್ರ ಇದ್ದರೆ ಬೇಗ ಬೇಗ ಪರೀಕ್ಷಿಸಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ ಕೊಡಬಹುದು. ರಕ್ತದ ಕಲ್ಚರನ್ನು ಅದಕ್ಕೆ ಮೊದಲು ತೆಗೆಯಬೇಕು, ಆದರೆ ಅದಕ್ಕಾಗಿ ಔಷಧವನ್ನು ತಡೆಹಿಡಿಯಬಾರದು. ರಕ್ತದೊತ್ತಡ ಬಿದ್ದಿದ್ದರೆ ಅಥವಾ ಲ್ಯಾಕ್ಟೇಟ್ ಏರಿದ್ದರೆ ಮೊದಲ ಮೂರು ಗಂಟೆಗಳಲ್ಲಿ ಕೆ.ಜಿ.ಗೆ 30 ಮಿ.ಲೀ.ನಂತೆ ದ್ರವ, 60 ಕೆ.ಜಿ.ಯವರಿಗೆ ಸುಮಾರು 1.8 ಲೀಟರ್, ಅದಕ್ಕೆ ನಾರ್ಮಲ್ ಸಲೈನಿಗಿಂತ ರಿಂಗರ್ ಲ್ಯಾಕ್ಟೇಟಿನಂಥ ದ್ರವ ಮೇಲು. ಹೃದಯ, ಮೂತ್ರಪಿಂಡಗಳು ದುರ್ಬಲವಾಗಿದ್ದವರಿಗೆ ಇದನ್ನು ನೋಡಿ ನೋಡಿ ಕೊಡಬೇಕಾಗುತ್ತದೆ. ಅಷ್ಟಕ್ಕೂ ಏಳದ ರಕ್ತದೊತ್ತಡಕ್ಕೆ ನಾರ್‌ಅಡ್ರಿನಲಿನ್. ಕುತ್ತಿಗೆಯ ದೊಡ್ಡ ನಳಿಕೆ ಸಿದ್ಧವಾಗುವವರೆಗೆ ಕಾಯದೆ ಕೈಯ ರಕ್ತನಾಳದಲ್ಲಿಯೇ ಆರಂಭಿಸಬಹುದು. ಲ್ಯಾಕ್ಟೇಟ್ ಪರೀಕ್ಷೆಯ ಅನುಕೂಲವಿಲ್ಲದ ಚಿಕ್ಕ ಆಸ್ಪತ್ರೆಯಲ್ಲಿ, ಬೆರಳ ತುದಿಯನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ಗಂಟೆಗೆ ಎರಡು ಸಲ ನೋಡುವುದೂ ಚಿಕಿತ್ಸೆಗೆ ದಾರಿ ತೋರಿಸುತ್ತದೆ.

ಇವೆಲ್ಲವೂ ಸಮಯವನ್ನು ಗಳಿಸಿಕೊಡುತ್ತವೆ, ಅಷ್ಟೆ. ಹೊಟ್ಟೆಯ ನಂಜಿಗೆ ಮೂಲ ಹೊಟ್ಟೆಯೊಳಗಿದೆ: ಸೋರುವ ಕರುಳು, ಕೊಳೆತ ಪಿತ್ತಕೋಶ, ಕೀವಿನ ಮಡು. ಅದನ್ನು ಹೊರಹಾಕದೆ ಎಷ್ಟು ಬೆಲೆಯ ಆಂಟಿಬಯಾಟಿಕ್ ಸುರಿದರೂ ನಂಜು ಇಳಿಯುವುದಿಲ್ಲ. ಮೂಲ ಗೊತ್ತಾದ ಮೇಲೆ 6ರಿಂದ 12 ಗಂಟೆಯೊಳಗೆ ಅದನ್ನು ನಿಭಾಯಿಸಬೇಕೆಂಬುದು ತಜ್ಞರ ಅಭಿಪ್ರಾಯ. ಕೀವು ಒಂದೆಡೆ ಕೂಡಿದ್ದರೆ ಸ್ಕ್ಯಾನ್ ನೋಡುತ್ತ ಚರ್ಮದ ಮೂಲಕ ಕೊಳವೆ ಇಳಿಸಿ ತೆಗೆಯಬಹುದು. ಹೊಟ್ಟೆಯ ತುಂಬ ಹರಡಿದ್ದರೆ ಮತ್ತೆ ಹೊಟ್ಟೆ ತೆರೆಯಲೇಬೇಕು. ಎರಡನೆಯ ಶಸ್ತ್ರಚಿಕಿತ್ಸೆ ಎಂದ ಕೂಡಲೇ "ಮೊದಲನೆಯದನ್ನು ಕೆಡಿಸಿದರು" ಎಂದು ಜಗಳಕ್ಕೆ ನಿಂತರೆ ಆ ದಿನ ನಷ್ಟವಾಗುವುದು ರೋಗಿಗೆ. ಜೋಡಣೆ ಸೋರುವುದು ಒಳ್ಳೆಯ ಕೈಗಳಲ್ಲಿಯೂ ಸಂಭವಿಸುತ್ತದೆ. ಅದನ್ನು ಕೂಡಲೇ ಒಪ್ಪಿಕೊಂಡು ಮತ್ತೆ ಕೈಹಾಕುವ ಶಸ್ತ್ರಚಿಕಿತ್ಸಕರ ಮೇಲೆ ನನಗಂತೂ ಹೆಚ್ಚು ಭರವಸೆ. ನಾಳೆ ನೋಡೋಣ ಎಂದು ಮುಂದೂಡುವವರ ವಿಷಯದಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಆಂಟಿಬಯಾಟಿಕ್ ಹೆಚ್ಚು ದಿನ ಕೊಟ್ಟಷ್ಟೂ ಒಳ್ಳೆಯದೆಂಬ ಭಾವನೆ ಮನೆಯವರಲ್ಲಿಯೂ ವೈದ್ಯರಲ್ಲಿಯೂ ಬೇರೂರಿದೆ. ಕೀವಿನ ಮೂಲವನ್ನು ಸರಿಯಾಗಿ ತೆಗೆದಿದ್ದರೆ ಸುಮಾರು ನಾಲ್ಕು ದಿನದ ಕೋರ್ಸು ಎಂಟು ದಿನದ ಕೋರ್ಸಿನಷ್ಟೇ ಫಲ ಕೊಟ್ಟಿತೆಂದು 2015ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿದೆ. ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ನಮ್ಮ ಐಸಿಯುಗಳಲ್ಲಿ ಸಾಮಾನ್ಯವಾಗಿರುವಾಗ, ಕಲ್ಚರ್ ವರದಿ ಬಂದ ದಿನ "ಇದನ್ನು ಬದಲಿಸಬಹುದೇ, ನಿಲ್ಲಿಸಬಹುದೇ?" ಎಂದು ಕೇಳುವುದು ಸಾಹಸದ ಮಾತೇನಲ್ಲ.

ಮನೆಗೆ ಮರಳಿದ ಮೇಲೆ

ಶಸ್ತ್ರಚಿಕಿತ್ಸೆಯ ಮರುದಿನವೇ ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು, ನಡೆಸುವುದು, ವೈದ್ಯರು ಒಪ್ಪಿದ ಕೂಡಲೇ ಬಾಯಿಂದ ಆಹಾರ ಆರಂಭಿಸುವುದು ಇವೆಲ್ಲ ಆಸ್ಪತ್ರೆಯಲ್ಲಿಯೇ ಶುರುವಾಗಿರುತ್ತವೆ, ಮನೆಯಲ್ಲಿ ಅವನ್ನು ಬಿಡಬಾರದು. ಬಾಣಂತಿಯಂತೆ ಕತ್ತಲೆ ಕೋಣೆಯಲ್ಲಿ ಮಲಗಿಸಿ ನೀರು ಕಡಿಮೆ ಮಾಡುವ ಪದ್ಧತಿಯಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ನಂಜಿನಿಂದ ಉಳಿದವರಲ್ಲಿ ತಿಂಗಳುಗಟ್ಟಲೆ ನಿಶ್ಶಕ್ತಿ, ಮರೆವು, ನಿದ್ದೆಗೇಡು, ಬೇಸರ ಕಾಣಿಸಿಕೊಳ್ಳುವುದು ಸಾಮಾನ್ಯ. ಅದನ್ನು ಸೋಮಾರಿತನವೆಂದು ಹಂಗಿಸದೆ ಫಿಸಿಯೋಥೆರಪಿಗೂ ಅಗತ್ಯವಿದ್ದರೆ ಮನೋವೈದ್ಯರ ಬಳಿಗೂ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆಯಲ್ಲಿ ಗುಲ್ಮವನ್ನು (ಸ್ಪ್ಲೀನ್) ತೆಗೆದಿದ್ದರೆ ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳ ಬಗ್ಗೆ ಡಿಸ್ಚಾರ್ಜಿನ ದಿನವೇ ವಿಚಾರಿಸಿ, ಏಕೆಂದರೆ ಅಂಥವರಿಗೆ ಜೀವನಪರ್ಯಂತ ಸಣ್ಣ ಜ್ವರವೂ ತುರ್ತು ಸ್ಥಿತಿಯೇ.

ಒಮ್ಮೆ ನಂಜಾದವರಿಗೆ ಮುಂದಿನ ಮೂರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಬೇಕಾಗಿ ಬರುವ ಸಾಧ್ಯತೆ ಹೆಚ್ಚು. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಸೆಪ್ಸಿಸ್" ಎಂಬ ಪದ, ಬೆಳೆದ ಬ್ಯಾಕ್ಟೀರಿಯಾದ ಹೆಸರು, ಕೊಟ್ಟ ಆಂಟಿಬಯಾಟಿಕ್ ಮತ್ತು ಎಷ್ಟು ದಿನ ಕೊಟ್ಟರೆಂಬುದು ಸ್ಪಷ್ಟವಾಗಿರುವಂತೆ ಬರೆಸಿಕೊಳ್ಳಿ, ಅದರ ಫೋಟೋವನ್ನು ಮನೆಯ ಎಲ್ಲರ ಮೊಬೈಲಿನಲ್ಲಿಯೂ ಇರಿಸಿ. ಚಳಿಜ್ವರ, ಮರಳಿ ಬಂದ ಹೊಟ್ಟೆನೋವು, ಗಾಯದಿಂದ ಕೀವು, ಇಡೀ ದಿನದಲ್ಲಿ ಒಂದೆರಡು ಸಲ ಮಾತ್ರ ಮೂತ್ರ, ಮಾತಿನಲ್ಲಿ ತೊದಲು, ಇವುಗಳಲ್ಲಿ ಯಾವುದು ಕಂಡರೂ ಮರುಭೇಟಿಯ ದಿನಾಂಕದವರೆಗೆ ಕಾಯದೆ, ಸಾಧ್ಯವಾದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ, ದೂರವಾದರೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಬಾಗಿಲಲ್ಲಿಯೇ ಆ ಫೋಟೋ ತೋರಿಸಿ "ಇವರಿಗೆ ಇತ್ತೀಚೆಗೆ ಸೆಪ್ಸಿಸ್ ಆಗಿತ್ತು" ಎಂದು ಮೊದಲು ಹೇಳಿ.